ವರನ ಪಗಾರ ಚೀಟಿಯ ತಪಾಸಣೆ

ನಮ್ಮ ಕಡೆ ಸೈನ್ಯದ ಹುಡುಗನಿಗೆ ಹೆಣ್ಣು ಕೊಡುವ ಮೊದಲು ಜಾತಕ ನೋಡುವುದಿಲ್ಲ, ಪಗಾರ ಚೀಟಿ ನೋಡುತ್ತಾರೆ. ಗ್ರಹಗಳು ಸುಳ್ಳು ಹೇಳಬಹುದು, ಸರ್ಕಾರ ಪ್ರತಿ ತಿಂಗಳು ಅಚ್ಚು ಹಾಕಿಸಿ ಕೊಡುವ ಕಾಗದ ಹೇಳುವುದಿಲ್ಲ ಎಂಬ ನಂಬಿಕೆ. ತೊಂದರೆ ಏನೆಂದರೆ ಆ ಕಾಗದ ಇಂಗ್ಲಿಷಿನಲ್ಲಿರುತ್ತದೆ. ಅದೂ ಪೂರ್ತಿ ಇಂಗ್ಲಿಷಲ್ಲ, ತಲೆ ಬಾಲ ಕತ್ತರಿಸಿದ ಬಿಡಿ ಅಕ್ಷರಗಳು. ಜಾತಕ ಓದಲು ಊರಿಗೊಬ್ಬರು ಸಿಗುತ್ತಾರೆ. ಇದನ್ನು ಓದಲು ಇಡೀ ಶಹಾಪುರಕ್ಕೆ ನಾನೊಬ್ಬನೇ ಎಂದು ನನ್ನ ಭ್ರಮೆ.

ನಾನು ಇಪ್ಪತ್ತಕ್ಕೂ ಹೆಚ್ಚು ವರ್ಷ ಸೈನ್ಯದಲ್ಲಿದ್ದೆ. ಹಾಗಂದ ಕೂಡಲೇ ಜನ ನನ್ನ ಹೊಟ್ಟೆ ನೋಡುತ್ತಾರೆ. ನೋಡಲಿ, ಅದು ಕುಳಿತು ಮಾಡಿದ ದೇಶಸೇವೆ. ನಾನು ಪಗಾರ ವಿಭಾಗದ ಗುಮಾಸ್ತ. ನನ್ನ ಶಸ್ತ್ರ ಕೆಂಪು ಶಾಯಿಯ ಪೆನ್ನು. ನಾನು ಕಂಡ ಶತ್ರು, ತಪ್ಪು ಕಾಲಂನಲ್ಲಿ ಬರೆದ ಭತ್ಯೆ. ಹಿಮವನ್ನು ಫ್ರಿಜ್ಜಿನಲ್ಲಿ ಬಿಟ್ಟು ಬೇರೆಲ್ಲೂ ಕಂಡವನಲ್ಲ, ಆದರೆ ಹಿಮದಲ್ಲಿ ನಿಂತವರಿಗೆ ಎಷ್ಟು ಕೊಡಬೇಕು, ಯಾವ ದಿನ ನಿಲ್ಲಿಸಬೇಕು ಎಂಬುದು ನನಗೆ ಬಾಯಿಪಾಠವಿತ್ತು. ಒಂದು ಕಾಲಕ್ಕೆ ಕೂದಲು ಕತ್ತರಿಸಿಕೊಳ್ಳಲು ಒಂದು ಭತ್ಯೆ, ಸೋಪಿಗೆ ಒಂದು ಭತ್ಯೆ ಇತ್ತು. ಪ್ರತಿ ಸಲ ವೇತನ ಆಯೋಗ ಕೂತಾಗ ಇಂಥವನ್ನೆಲ್ಲ ತೂಗಿ ಅಳೆದು ಒಂದನ್ನು ತೆಗೆಯುತ್ತಿದ್ದರು, ಎರಡನ್ನು ಕೂಡಿಸುತ್ತಿದ್ದರು. ಅವರು ಕೂಡಿಸಿದ್ದನ್ನು ಜಾರಿಗೆ ತರುವಷ್ಟರಲ್ಲಿ ನಮ್ಮ ತಲೆಯಲ್ಲಿ ಕತ್ತರಿಸಲು ಕೂದಲೇ ಉಳಿಯುತ್ತಿರಲಿಲ್ಲ.

ನಿವೃತ್ತಿಯಾಗಿ ಈಗ ಶಹಾಪುರದಲ್ಲಿ ಮನೆ, ಯಾದಗಿರಿಯಲ್ಲಿ ಇನ್ನೊಂದು ಗುಮಾಸ್ತಿಕೆ. ದಿನಾ ಬಸ್ಸಿನಲ್ಲಿ ಓಡಾಟ. ಚಿಂತೆ ಮಾಡುವುದು ನನ್ನ ಹುಟ್ಟುಗುಣ. ಪಗಾರ ಹೆಚ್ಚಿದರೆ ತೆರಿಗೆಯ ಚಿಂತೆ, ಹೆಚ್ಚದಿದ್ದರೆ ಹೆಚ್ಚಲಿಲ್ಲವೆಂಬ ಚಿಂತೆ, ಎರಡೂ ಇಲ್ಲದ ದಿನ ಏನೋ ಮರೆತಿದ್ದೇನೆ ಎಂಬ ಚಿಂತೆ.

ಹೀಗಿರುವಾಗ ಗೋಗಿಯಿಂದ ಅಣ್ಣನ ಫೋನು ಬಂತು. ಅಣ್ಣನ ಮಗಳು ಶಹಾಪುರದ ಒಂದು ಖಾಸಗಿ ದವಾಖಾನೆಯಲ್ಲಿ ನರ್ಸ್. ಸುರಪುರದ ಒಬ್ಬ ಸೈನ್ಯದ ಹುಡುಗ ರಜೆಗೆ ಬಂದಾಗ ಜ್ವರ ಬಂದ ತಾಯಿಯನ್ನು ಅಲ್ಲಿಗೆ ಕರೆತಂದಿದ್ದ. ಇಂಜಕ್ಷನ್ ತಾಯಿಗೆ, ಪರಿಣಾಮ ಮಗನ ಮೇಲೆ. ಹುಡುಗ ಒಪ್ಪಿದ್ದ, ಹುಡುಗಿ ಒಪ್ಪಿದ್ದಳು, ಮನೆಯವರು ಒಪ್ಪುವುದೊಂದೇ ಬಾಕಿ. ನಮ್ಮ ಮನೆಯ ಒಪ್ಪಿಗೆ ಪಗಾರ ಚೀಟಿಗಾಗಿ ಕಾದು ಕೂತಿತ್ತು.

“ತಮ್ಮಾ, ಹುಡುಗನ ಪಗಾರ ಚೀಟಿ ಬಂತು. ನಿನ್ನ ವಾಟ್ಸಪ್ಪಿಗೆ ಹಾಕೀನಿ. ಕೆಳಗಿನ ಸಾಲು ಬಲೇ ದೊಡ್ಡದದ. ನೀ ಒಮ್ಮೆ ನೋಡಿ ಹೂಂ ಅಂದ್ರ ಮುಗೀತು.”

“ನಾಕು ವರ್ಷದ ಅಗ್ನಿವೀರನೋ, ಪೂರ್ತಿ ಸರ್ವೀಸಿನಾಂವೋ?”

“ಪೂರ್ತಿ ಸರ್ವೀಸಿನಾಂವ. ಅದನ್ನ ಮೊದಲ ಕೇಳೀನಿ, ಹುಡುಗನ ಹೆಸರು ಆಮ್ಯಾಲ ಕೇಳೀನಿ. ಮ್ಯಾಲ ಹೊಸಾ ವೇತನ ಆಯೋಗ ಬಂದದಂತ. ಇದೆಲ್ಲಾ ಡಬಲ್ ಆಗ್ತದಂತ.”

“ಡಬಲ್ ಅಂತ ಯಾರಂದ್ರು?”

“ಪೇಪರ್ ಓದಿದಾಂವ ಅಂದ.”

“ಯಾವ ಪೇಪರಿನ್ಯಾಗದ?”

“ಅದನ್ನ ಓದಿದಾಂವನ್ನ ಕೇಳು. ನೀ ಐತ್ವಾರ ಬಾ, ಹುಡುಗನ ಅಪ್ಪನೂ ಬರ್ತಾನ.”

ಬೇರೆ ಯಾರಾದರೂ ಆಗಿದ್ದರೆ ಮೊಬೈಲಿನಲ್ಲೇ ನೋಡಿ ಹೂಂ ಎನ್ನುತ್ತಿದ್ದರು. ನಾನು ಯಾದಗಿರಿಯ ಝೆರಾಕ್ಸ್ ಅಂಗಡಿಗೆ ಹೋಗಿ ಅದನ್ನು ದೊಡ್ಡ ಅಕ್ಷರದಲ್ಲಿ ಪ್ರಿಂಟ್ ತೆಗೆಸಿದೆ. ಬಸ್ಸಿನಲ್ಲಿ ಓದುತ್ತಾ ಬಂದೆ. ಅಣ್ಣ ಹೇಳಿದ್ದು ನಿಜ, ಕೆಳಗಿನ ಸಾಲು ದೊಡ್ಡದೇ ಇತ್ತು. ಆದರೆ ಮಧ್ಯದಲ್ಲಿ ಒಂದು ದಪ್ಪ ಸಾಲು ಕೂತಿತ್ತು. ಅದರ ಬಲದಿಂದ ಕೆಳಗಿನದು ಉಬ್ಬಿತ್ತು. ಇಷ್ಟು ವರ್ಷಗಳ ಮೇಲೆ ಹಳೆಯ ಶತ್ರು ಸಿಕ್ಕಿದಂತೆ ನನಗೆ ಒಳಗೊಳಗೇ ಖುಷಿಯಾಯಿತು.

ಭಾನುವಾರ ಬೆಳಿಗ್ಗೆ ಶೇರ್ ಆಟೋದಲ್ಲಿ ಗೋಗಿಗೆ ಹೋದೆ. ಅಣ್ಣನ ಮಗಳಿಗೆ ಆ ದಿನ ಡ್ಯೂಟಿ, ಮನೆಯಲ್ಲಿರಲಿಲ್ಲ. ಪಡಸಾಲೆಯ ಮಂಚದ ಮೇಲೆ ಹುಡುಗನ ಅಪ್ಪ ಕೂತಿದ್ದರು. ಸುರಪುರದಲ್ಲಿ ಗೌಂಡಿ ಕೆಲಸ ಮಾಡಿ, ಮಂದಿಯ ಮನೆಗಳನ್ನು ಕಟ್ಟಿ ಮಗನನ್ನು ಓದಿಸಿದವರು. ಕೈಬೆರಳ ಸಂದಿಯಲ್ಲಿ ಸಿಮೆಂಟು ತೊಳೆದರೂ ಹೋಗದಷ್ಟು ಹಳೆಯದಾಗಿತ್ತು. ಮಾತು ಕಡಿಮೆ. ಚಹಾವನ್ನು ಬಸಿಗೆ ಹಾಕಿಕೊಂಡು ಊದುತ್ತಿದ್ದರು.

ನಾನು ಕಾಗದ ಹರಡಿದೆ. ಜೇಬಿನಿಂದ ಕೆಂಪು ಪೆನ್ನು ತೆಗೆದೆ. ಇದ್ದ ಮೂರು ಜನ ನನ್ನ ಕೈ ನೋಡುತ್ತಿದ್ದರು: ಅಣ್ಣ, ಬೀಗರಾಗಬೇಕಾದವರು, ಅಡಿಗೆ ಮನೆಯ ಬಾಗಿಲಲ್ಲಿ ಅತ್ತಿಗೆ. ನನ್ನ ಇಡೀ ಸರ್ವೀಸಿನಲ್ಲಿ ಇಷ್ಟು ಜನ ಒಟ್ಟಿಗೆ ನನ್ನನ್ನು ನೋಡಿದ್ದಿಲ್ಲ.

“ಮೂಲ ಪಗಾರ. ಇದು ಖರೆ,” ಎಂದು ಗುರುತು ಹಾಕಿದೆ. “ತುಟ್ಟಿಭತ್ಯ. ಇದೂ ಖರೆ.”

ಅಣ್ಣನ ಬೆರಳು ನೇರವಾಗಿ ದಪ್ಪ ಸಾಲಿಗೆ ಬಂತು. “ಇದು?”

“ಇದು ಹೋಗ್ತದ.” ಸಾಲಿನ ಮೇಲೆ ಉದ್ದಕ್ಕೆ ಕೆಂಪು ಗೀಟು ಎಳೆದೆ. ಕೈಗೆ ಎಷ್ಟು ಹಿತವಾಯಿತೆಂದು ಹೇಳಲಾರೆ.

“ಹೋಗ್ತದ ಅಂದ್ರ ಎಲ್ಲಿ ಹೋಗ್ತದ?”

“ಇದು ಎತ್ತರದ ಜಾಗದ ಭತ್ಯ, ಅಣ್ಣ. ಹಿಮದಾಗ, ಉಸರಾಡಾಕ ಗಾಳಿ ಸಾಲದ ಜಾಗದಾಗ ಇರೂಮಟ ಕೊಡ್ತಾರ. ಕೆಳಗ ಇಳಿದ ದಿನ ಬಂದ್.”

“ಅಂದ್ರ ಅರ್ಧಾ ಪಗಾರ ಹೋತು ಅಂತೀ?”

“ಅರ್ಧಾ ಅಲ್ಲ. ಆದ್ರ ಜರಾ ದೊಡ್ಡದ ಹೋತು.”

ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ಜ್ಞಾನ ಎಂಬುದು ಹೊಟ್ಟೆಯಲ್ಲಿನ ಗಾಳಿಯ ಹಾಗೆ, ಬಿಡದೆ ಇರಲಾಗುವುದಿಲ್ಲ. ಕಾಗದ ತಿರುವಿ ಹಿಂದೆ ಚೌಕಾಬಾರದ ಹಾಗೆ ಮನೆಗಳನ್ನು ಬರೆದೆ. ಒಂದು ಕಡೆ ಅಪಾಯ, ಇನ್ನೊಂದು ಕಡೆ ಕಷ್ಟ. ಎರಡಕ್ಕೂ ಕಡಿಮೆ, ಮಧ್ಯಮ, ಹೆಚ್ಚು ಎಂದು ಮೂರು ಮೂರು ಮೆಟ್ಟಿಲು. ಒಟ್ಟು ಒಂಬತ್ತು ಮನೆ. ಯಾವ ಸೈನಿಕ ಯಾವ ಮನೆಯಲ್ಲಿ ಕೂತಿದ್ದಾನೆ ಎಂಬುದರ ಮೇಲೆ ರೊಕ್ಕ. ಒಂಬತ್ತರಲ್ಲೂ ಹಿಡಿಸದ ಜಾಗವೂ ಒಂದಿದೆ, ಅದಕ್ಕೆ ಮೇಲೊಂದು ಹತ್ತನೆಯ ಮನೆ. ನಮ್ಮ ಹುಡುಗ ಇಲ್ಲಿದ್ದಾನೆ ಎಂದು ಮೂಲೆಯ ಮನೆಯಲ್ಲಿ ಒಂದು ಚುಕ್ಕೆ ಇಟ್ಟೆ.

ಹುಡುಗನ ಅಪ್ಪ ಬಸಿ ಕೆಳಗಿಟ್ಟರು. “ಯಾವ ಜಾಗ ಅಂದ್ರಿ, ಸಾಹೇಬ್ರ?”

ಪಾಠ ಮಾಡುವವನಿಗೆ ಪ್ರಶ್ನೆ ಕೇಳುವ ವಿದ್ಯಾರ್ಥಿ ಸಿಕ್ಕರೆ ಬೇರೆ ಏನು ಬೇಕು? ಇನ್ನೊಮ್ಮೆ ಹೇಳಿದೆ, ದನಿ ಏರಿಸಿಯೇ ಹೇಳಿದೆ. “ಬಾಳ ಎತ್ತರದ ಜಾಗ್ರೀ. ಅಲ್ಲಿ ನೀರು ಕುಡೀಬೇಕಂದ್ರ ಹಿಮಾ ಕರಗಿಸಬೇಕು. ಹತ್ತು ಹೆಜ್ಜಿ ಇಟ್ಟ ಮ್ಯಾಲ ಕುಂದರಬೇಕು.” ಕೇಳಿದವರು ನಾನು ದಿನಾ ಹಿಮ ಕರಗಿಸಿ ಕುಡಿದವನೆಂದೇ ತಿಳಿಯಬೇಕು, ಹಾಗೆ.

ಅವರು ಆ ಕಾಗದವನ್ನು ನನ್ನ ಮುಂದಿನಿಂದ ಎತ್ತಿ, ನಾಲ್ಕು ಮಡಿಕೆ ಮಾಡಿ ಅಂಗಿಯ ಜೇಬಿನಲ್ಲಿಟ್ಟುಕೊಂಡರು. “ಬಸ್ಸಿನ ಟೈಮ್ ಆತ್ರಿ,” ಎಂದು ಎದ್ದರು. ಬಾಗಿಲಲ್ಲಿ ಚಪ್ಪಲಿ ಹಾಕಿಕೊಳ್ಳುವಾಗ ಎಡದ್ದು ಬಲಕ್ಕೆ ಹಾಕಿ ಮತ್ತೆ ಬದಲಾಯಿಸಿದರು.

ಅವರು ಓಣಿ ದಾಟುವವರೆಗೆ ಕಾದು ಅಣ್ಣ ನನ್ನ ಬೆನ್ನು ತಟ್ಟಿದ. “ಭೇಷ್! ಹುಳುಕು ಸಿಕ್ತು ನೋಡು, ಎದ್ದು ಹೊಂಟ. ನೀ ಇರಲಿಲ್ಲಂದ್ರ ಉಬ್ಬಿಸಿದ ಪಗಾರಕ್ಕ ಹೆಣ್ಣು ಕೊಡ್ತಿದ್ದೆ.”

“ಅವ್ರು ಚಾ ಪೂರಾ ಕುಡೀಲಿಲ್ಲ,” ಎಂದರು ಅತ್ತಿಗೆ ಬಸಿ ಎತ್ತಿಕೊಳ್ಳುತ್ತಾ.

“ಹೆಂಗ ಕುಡೀತಾನ? ಗಂಟಲದಾಗ ಇಳೀಬೇಕಲ್ಲ,” ಎಂದ ಅಣ್ಣ.

ಅತ್ತಿಗೆ ಅವನನ್ನು ನೋಡಲಿಲ್ಲ, ನನ್ನನ್ನು ನೋಡಿದರು. ನನಗೆ ಅವರು ಬಡಿಸಿದ ಎರಡನೆಯ ರೊಟ್ಟಿ ಮಾತ್ರ ಕಾಣುತ್ತಿತ್ತು. ಮನೆಮಗಳನ್ನು ಉಳಿಸಿದ ವೀರನಾಗಿ ಉಂಡು, ಶಹಾಪುರಕ್ಕೆ ಮರಳಿ ಮಲಗಿದೆ.

ಸಂಜೆ ಬಾಗಿಲು ಬಡಿದ ಸದ್ದಿಗೆ ಎಚ್ಚರವಾಯಿತು. ಅಣ್ಣನ ಮಗಳು ದವಾಖಾನೆಯ ಬಟ್ಟೆಯಲ್ಲೇ ಬಂದಿದ್ದಳು. ಕೂಡ್ರಲಿಲ್ಲ.

“ಕಾಕಾ, ನಿನ್ನ ಕೈಯಾಗ ಪೆನ್ನು ಕೊಟ್ಟಾಂವ ಯಾಂವ?”

ಒಳಗಿಂದ ನನ್ನ ಹೆಂಡತಿ ಕೂಗಿದಳು: “ಲಗ್ನ ಆದಾಗಿಂದ ಅದನ್ನ ನಾನೂ ಕೇಳಾಕತ್ತೀನವ್ವಾ.”

“ನಿನ್ನ ಒಳ್ಳೇದಕ್ಕ ಮಾಡೀನವಾ,” ಎಂದು ಶುರು ಮಾಡಿದೆ. “ಆ ಪಗಾರ ಪೂರ್ತಿ ಖರೆ ಅಲ್ಲ. ನಾಳೆ ಅಂವ ಕೆಳಗ ಬಂದ್ರ—”

“ಅದು ನನಗ ಗೊತ್ತದ, ಕಾಕಾ. ಅಂವ ಎಲ್ಲಿ ಅದಾನ, ಎಷ್ಟು ತಿಂಗಳು ಉಳದದ, ಎಲ್ಲಾ ಹೇಳ್ಯಾನ. ಗೊತ್ತಿರದಿದ್ದದ್ದು ಅವ್ರಪ್ಪಗ.”

“ಏನು ಗೊತ್ತಿರಲಿಲ್ಲ?”

“ಅಂವ ಮ್ಯಾಲ ಹೋಗಿದ್ದು. ಪುಣೇದಾಗ ಸ್ಟೋರಿನ್ಯಾಗ ಅದೀನಿ ಅಂತ ಮನಿಯಾಗ ಹೇಳ್ಯಾನ. ಅವ್ರವ್ವಗ ಬಿಪಿ ಅದ. ಅಪ್ಪಗ ಇಂಗ್ಲಿಷ್ ಬರೂದಿಲ್ಲಂತ ಧೈರ್ಯದಲೆ ಚೀಟಿ ಕಳಿಸಿದ್ದ. ಓದಿ ಹೇಳಾಕ ಊರಾಗ ನೀ ಒಬ್ಬಾಂವ ಇರ್ತಿ ಅಂತ ಅಂವಗ ಏನು ಗೊತ್ತು?”

ನಾನು ಮಂಚದ ಮೇಲೆ ಕೂತೆ. ಅಂದು ಬೆಳಿಗ್ಗೆ ನಾನು ಚುಕ್ಕೆ ಇಟ್ಟ ಮನೆ ನೆನಪಾಯಿತು. ಕಾಗದದ ಮೇಲೆ ಅದು ಬೆರಳ ತುದಿಯಷ್ಟೂ ದೊಡ್ಡದಿರಲಿಲ್ಲ. ಅದರೊಳಗೆ ಒಬ್ಬ ಅಪ್ಪನಿಗೆ ಅವನ ಮಗನನ್ನು ತೋರಿಸಿದ್ದೆ, ಮಾಸ್ತರನಂತೆ ದನಿ ಏರಿಸಿ.

“ಲಗ್ನ ಬ್ಯಾಡ ಅನ್ನಾಕ ನಮ್ಮಪ್ಪ ಮಧ್ಯಾಹ್ನದಿಂದ ಅವ್ರಪ್ಪಗ ಫೋನ್ ಮಾಡ್ಯಾನ, ಎತ್ತವಲ್ರು,” ಎಂದಳು. ಈಗ ದನಿ ಇಳಿದಿತ್ತು. “ನಮ್ಮಪ್ಪಗ ಖುಷಿ, ಅವ್ರು ತಾವ ಬಿಟ್ರು ಅಂತ. ನಾಳೆ ನೀ ಸುರಪುರಕ್ಕ ಹೋಗು. ಲಗ್ನಾ ಆಗ್ತದೋ ಇಲ್ಲೋ, ನನಗ ಅದೊಂದ ಹೇಳಿ ಕಳಸು.”

“ನಿನಗ ಕಡಿಮಿ ಪಗಾರ ನಡೀತದೇನವಾ?”

“ನನ್ನ ಪಗಾರ ನೀ ನೋಡೀಯೇನು ಕಾಕಾ? ಅದಕ್ಕ ಕೆಂಪು ಗೀಟು ಎಳೀಬೇಕಂದ್ರ ಮೊದಲ ಅದು ಬರಬೇಕು. ನನಗ ಅಂವ ಕೆಳಗ ಬಂದ್ರ ಸಾಕು.”

ಮರುದಿನ ಹೊಟ್ಟೆನೋವೆಂದು ಕಚೇರಿಗೆ ರಜೆ ಹೇಳಿದೆ. ಸುರಪುರದ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ನನ್ನ ಕಸುಬು ನಾನು ಮಾಡಿದೆ: ಅವರು ಬಾಗಿಲು ತೆಗೆಯದಿದ್ದರೆ? ತೆಗೆದು ಬೈದರೆ? ತಾಯಿಗೆ ಗೊತ್ತಾಗಿ ಬಿಪಿ ಏರಿದ್ದರೆ? ಹುಡುಗನಿಗೆ ಗೊತ್ತಾಗಿ, ಅಲ್ಲಿ ಗಾಳಿ ಸಾಲದ ಜಾಗದಲ್ಲಿ, ನನ್ನನ್ನು ಬೈಯಲು ಇದ್ದ ಗಾಳಿಯನ್ನೂ ಖರ್ಚು ಮಾಡಿದರೆ?

ಅವರ ಮನೆ ಗುಡ್ಡದ ಓರೆಯಲ್ಲಿ. ಬಂಡೆಗಳ ನಡುವೆ ಮೆಟ್ಟಿಲು. ಹತ್ತು ಮೆಟ್ಟಿಲು ಹತ್ತಿ ನಾನು ಕೂತೆ. ಎರಡು ಕೊಡ ನೀರು ಹೊತ್ತ ಒಬ್ಬ ಮುದುಕಿ ನನ್ನನ್ನು ದಾಟಿ ಹೋಗಿ, ಹಿಂದಿರುಗಿ ನೋಡಿ, “ಯಾವೂರ್ರೀ, ಬಯಲಸೀಮಿಯಾವ್ರೇನು?” ಎಂದಳು. ಶಹಾಪುರ ಎಂದೆ. ಶಹಾಪುರದಲ್ಲೂ ಗುಡ್ಡವಿದೆಯಲ್ಲ ಎಂಬಂತೆ ಮುಖ ಮಾಡಿ ಹೋದಳು.

ಹುಡುಗನ ಅಪ್ಪ ಹೊರಗೆ ಕಟ್ಟೆಯ ಮೇಲೆಯೇ ಸಿಕ್ಕರು. ಆ ದಿನ ಕೆಲಸಕ್ಕೆ ಹೋಗಿರಲಿಲ್ಲ. ನನ್ನನ್ನು ಕಂಡು ಎದ್ದು, ತುಟಿಯ ಮೇಲೆ ಬೆರಳಿಟ್ಟರು. “ಒಳಗ ಅಕಿ ಅದಾಳ. ಅಕಿಗೆ ಹೇಳಿಲ್ರಿ.”

ನಾನು ತಪ್ಪಾಯಿತು ಎಂದೆ. ಬಸ್ಸಿನಲ್ಲಿ ಜೋಡಿಸಿಕೊಂಡಿದ್ದ ಉದ್ದ ಮಾತೆಲ್ಲ ಅಷ್ಟರಲ್ಲೇ ಮುಗಿಯಿತು.

“ನಿಮ್ಮದೇನು ತಪ್ಪರಿ. ಇದ್ದದ್ದು ಓದಿದ್ರಿ.” ಅವರು ಜೇಬು ಮುಟ್ಟಿಕೊಂಡರು, ಕಾಗದ ಅಲ್ಲೇ ಇತ್ತು. “ಮಗ ಫೋನ್ ಮಾಡಿದಾಗೆಲ್ಲಾ ಸೆಕಿ ಬಾಳ ಅದಪ್ಪಾ ಅಂತಾನ್ರಿ. ಫ್ಯಾನ್ ಕೆಟ್ಟದಂತ, ರಿಪೇರಿಯಾಂವ ಬಂದಿಲ್ಲಂತ. ನಾ ಹುಚ್ಚಪ್ಪ, ದಿನಾ ಫ್ಯಾನ್ ರಿಪೇರಿ ಆತೇನಪಾ ಅಂತ ಕೇಳ್ತಿದ್ದೆ.”

ನನಗೆ ನಗು ಬಂತು, ಅವರಿಗೂ ಬಂತು. ಇಬ್ಬರದೂ ಅರ್ಧಕ್ಕೇ ನಿಂತಿತು.

“ಪಗಾರ ಒಮ್ಮಿಂದೊಮ್ಮೆ ಜಿಗೀತಲ್ರಿ, ಪ್ರಮೋಷನ್ ಆತು ಅನ್ಕೊಂಡೆ. ಗಲ್ಲಿಗೆಲ್ಲಾ ಪೇಡೆ ಹಂಚೀನ್ರೀ ನಾನು.” ಸಿಮೆಂಟಿನ ಬೆರಳಿಂದ ಕೆಳಗಿನ ಮನೆಗಳನ್ನು ಒಂದೊಂದಾಗಿ ತೋರಿಸಿದರು, ಅಷ್ಟೂ ಮನೆಗೆ ಹಂಚಿದ್ದೆ ಎಂಬಂತೆ.

ಜೇಬಿನಿಂದ ಇಣುಕುತ್ತಿದ್ದ ಕೆಂಪು ಪೆನ್ನನ್ನು ನಾನು ಕೆಳಗೆ ತುರುಕಿದೆ.

“ನಮ್ಮ ಅಣ್ಣ ಫೋನ್ ಮಾಡಿದ್ನಂತ,” ಎಂದೆ.

“ಎತ್ತಲಿಲ್ರಿ. ಯಾವ ಮಾರಿ ಇಟ್ಟುಕೊಂಡು ಎತ್ತಲಿ? ಮಗ ಇಂಥಾ ಜಾಗದಾಗ ಅದಾನಂತ ಗೊತ್ತಿಲ್ದ ನಿಮ್ಮನಿ ಹೆಣ್ಣು ಕೇಳಾಕ ಬಂದಿದ್ದೆ. ನಿಮಗ ಮೋಸಾ ಮಾಡಿದಂಗ ಆತು.”

ಅಣ್ಣ ಇವರನ್ನು ಪಗಾರ ಉಬ್ಬಿಸಿದ ಕಳ್ಳ ಎಂದು ತೀರ್ಮಾನಿಸಿದ್ದ, ನಾನು ಎರಡು ರೊಟ್ಟಿ ಉಂಡು ಹೌದೆಂದಿದ್ದೆ.

“ಹುಡುಗಿಗೆ ಗೊತ್ತದ್ರಿ,” ಎಂದೆ. “ಮೊದಲಿನಿಂದ ಗೊತ್ತದ. ಎಷ್ಟು ತಿಂಗಳು ಉಳದದ ಅನ್ನೂದೂ ಗೊತ್ತದ. ಅಂಥಾ ಜಾಗದಾಗ ಬಾಳ ದಿನ ಇಡೂದಿಲ್ರಿ, ಬ್ಯಾರೇದಾವ್ರನ್ನ ಕಳಿಸಿ ಇವ್ರನ್ನ ಕೆಳಗ ಇಳಸ್ತಾರ. ಕೆಳಗ ಬಂದ ಮ್ಯಾಲ ಇರಾಕ ಮನಿ ಕೊಡ್ತಾರ, ಹೇಂತಿನ್ನ ಕರಕೊಂಡು ಹೋಗಬಹುದು. ಪಗಾರ ಮಾತ್ರ ಕಡಿಮಿ ಆಗ್ತದ. ಅಕಿ ಅದಕ್ಕ ಕಾಯಾಕತ್ತಾಳ.”

ಅವರು ಮತ್ತೆ ಕಟ್ಟೆಯ ಮೇಲೆ ಕೂತರು. ಆಮೇಲೆ, “ಅಪ್ಪಗ ಹೇಳಲಿಲ್ಲ, ಅಕಿಗೆ ಹೇಳ್ಯಾನ,” ಎಂದರು. ಬೇಜಾರೋ ಸಮಾಧಾನವೋ ತಿಳಿಯಲಿಲ್ಲ.

ಅಷ್ಟರಲ್ಲಿ ಹುಡುಗನ ತಾಯಿ ಚಹಾ ತಂದರು. ತಟ್ಟೆ ಕೆಳಗಿಟ್ಟವರು ಹೋಗಲಿಲ್ಲ, ಬಾಗಿಲ ಚೌಕಟ್ಟಿಗೆ ಒರಗಿ ನಿಂತರು.

“ನಿನ್ನೆಯಿಂದ ಆ ಕಾಗದ ಹತ್ತು ಸಲ ತಗದು ನೋಡ್ಯಾರ್ರೀ ಇವ್ರು. ಕೇಳಿದ್ರ ಏನಿಲ್ಲಂತಾರ. ಕೆಂಪು ಗೀಟು ಎಳದಾರ ಅದರಾಗ. ಏನ್ರೀ ಅದು?”

ಹುಡುಗನ ಅಪ್ಪ ನನ್ನ ಕಡೆ ನೋಡಿದರು. ಇಡೀ ಜೀವಮಾನ ಒಂದು ಸುಳ್ಳು ಸಾಲನ್ನೂ ಪಾಸು ಮಾಡದ ಗುಮಾಸ್ತ ನಾನು. “ಅದು… ಬಟ್ಟಿಯ ಭತ್ಯರಿ ಅವ್ವಾರ. ಥಂಡಿ ಬಟ್ಟಿ ತೊಗೊಳ್ಳಾಕ ಕೊಡೂದು. ಕಾಯಂ ಅಲ್ಲ, ಅದಕ್ಕ ಗೀಟು ಹೊಡದೀನಿ.”

“ಸೆಕಿ ಅಂತಾನಲ್ರೀ ಅಂವ. ಸೆಕಿ ಊರಾಗ ಥಂಡಿ ಬಟ್ಟಿಗೆ ರೊಕ್ಕ ಕೊಡ್ತಾರ?”

ನನ್ನ ಲೆಕ್ಕಪತ್ರಗಳನ್ನು ತಪಾಸಣೆ ಮಾಡಲು ದೊಡ್ಡ ದೊಡ್ಡ ಸಾಹೇಬರು ಬಂದಿದ್ದರು. ಒಬ್ಬರೂ ಇಷ್ಟು ಬೇಗ ತಪ್ಪು ಹಿಡಿದಿರಲಿಲ್ಲ.

“ಸರ್ಕಾರದ ಹಿಸಾಬ್ರೀ ಅವ್ವಾರ,” ಎಂದೆ. “ಅದು ಹಂಗ ಇರ್ತದ.”

ಅವರು ಗಂಡನನ್ನು ನೋಡಿದರು. ಗಂಡ ಕಪ್ಪಿನೊಳಗೆ ನೋಡುತ್ತಿದ್ದರು. ತಾಯಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ, ಬಿಚ್ಚಿ, ಮತ್ತೆ ಸುತ್ತಿದರು.

“ಹಂಗಿದ್ರ ಆ ರೊಕ್ಕ ಮನಿಗಿ ಕಳಸಬ್ಯಾಡಂತ ಹೇಳ್ರಿ, ಬೀಗ್ರ,” ಎಂದರು. “ಪೂರಾ ಬಟ್ಟಿನ ತೊಗೊಳ್ಳಲಿ. ದಪ್ಪನ್ನ ತೊಗೊಳ್ಳಲಿ. ಹುಡುಗಿ ನರ್ಸ್ ಅದಾಳಲ್ಲ, ಅಕಿ ಹೇಳಿದ್ರ ಕೇಳ್ತಾನ.”

ಹೇಳಿ ಒಳಗೆ ಹೋದರು. ಒಳಗೆ ಪಾತ್ರೆಗಳ ಸದ್ದು ಬೇಕಾದುದಕ್ಕಿಂತ ಜೋರಾಗಿತ್ತು. ನಾವಿಬ್ಬರೂ ಚಹಾವನ್ನು ಪೂರ್ತಿ ಕುಡಿದೆವು, ಒಬ್ಬರ ಮುಖ ಒಬ್ಬರು ನೋಡದೆ. ಅವರು ನನ್ನನ್ನು ಅರ್ಧ ಗುಡ್ಡದವರೆಗೆ ಕಳಿಸಲು ಬಂದರು. ಮಗ ಕೆಳಗೆ ಬಂದ ಮೇಲೆ ಲಗ್ನ, ಅಲ್ಲಿಯವರೆಗೆ ಅವರ ಮನೆಯಲ್ಲಿ ಯಾರಿಗೂ ಏನೂ ಗೊತ್ತಿಲ್ಲ ಎಂದು ಮೆಟ್ಟಿಲ ಮೇಲೆ ನಿಂತು ಮಾತಾಯಿತು. ಆಕೆ ನನ್ನನ್ನು ‘ಬೀಗ್ರ’ ಎಂದದ್ದು ನನ್ನ ತಲೆಗೆ ಹೋದದ್ದು ಕೊನೆಯ ಮೆಟ್ಟಿಲಿಗೆ ಬಂದಾಗ. ಮೊದಲು ಹುಡುಗಿಗೆ ಫೋನ್ ಮಾಡಿ ಲಗ್ನ ಆಗುತ್ತದೆ ಎಂದೆ. ಅವಳು ಹೂಂ ಎಂದಳು, ವಾರ್ಡಿನಲ್ಲಿದ್ದೀನಿ ಎಂದು ಇಟ್ಟಳು.

ಆಮೇಲೆ ಅಣ್ಣನಿಗೆ.

“ಏನಂದ? ಕಬೂಲ್ ಮಾಡಿದ್ನೇನು ಪಗಾರ ಉಬ್ಬಿಸಿದ್ದು?”

“ಲಗ್ನಾ ಗಟ್ಟಿ ಮಾಡಿ ಬಂದೀನಿ, ಅಣ್ಣ. ನಾ ಗೀಟು ಹೊಡದ ಸಾಲು ಯಾವ ತಿಂಗಳು ಹೋಗ್ತದೋ ಆವಾಗ ಲಗ್ನಾ.”

“ತಲಿ ಕೆಟ್ಟದೇನು? ಪಗಾರ ಕಡಿಮಿ ಆದ ಮ್ಯಾಲ?”

ಬಸ್ ನಿಲ್ದಾಣದ ಗದ್ದಲದಲ್ಲಿ ಒಂದು ಕಿವಿ ಮುಚ್ಚಿಕೊಂಡು ಎಲ್ಲವನ್ನೂ ಹೇಳಿದೆ. ಫ್ಯಾನಿನದು ಹೇಳಿದೆ, ಪೇಡೆಯದು ಹೇಳಿದೆ. ಅವನ ಮಗಳಿಗೆ ಮೊದಲೇ ಗೊತ್ತಿದ್ದದ್ದು ಹೇಳಿದೆ. ಒಂಬತ್ತು ಮನೆಯ ಲೆಕ್ಕವನ್ನು ಈ ಸಲ ಬೇರೆ ರೀತಿ ಹೇಳಿದೆ: ರೊಕ್ಕ ಎಷ್ಟು ಹೆಚ್ಚೋ ಹುಡುಗ ಅಷ್ಟು ಕೆಟ್ಟ ಜಾಗದಲ್ಲಿದ್ದಾನೆ ಎಂದು.

ಅಣ್ಣ ದನಿ ತಗ್ಗಿಸಿ, ಲಂಚದ ಮಾತಾಡುವವರ ಹಾಗೆ ಕೇಳಿದ: “ತಮ್ಮಾ, ಆ ಸಾಲು ಲಗೂನ ತೆಗಸಾಕ ಬರ್ತದೇನು? ನಿನ್ನ ಹಳೇ ಆಫೀಸಿನ್ಯಾಗ ಗುರ್ತಿನಾವ್ರು ಯಾರರ ಇರಬೇಕಲ್ಲ?”

ಭತ್ಯೆಯ ಸಾಲು ಸೇರಿಸಿರೆಂದು ಕಾಡಿ ಬೇಡಿದವರನ್ನು ನನ್ನ ಸರ್ವೀಸಿನಲ್ಲಿ ಸಾಕಷ್ಟು ಕಂಡಿದ್ದೇನೆ. ತೆಗೆಸಿಕೊಡು ಎಂದು ವಶೀಲಿ ಹಚ್ಚಿದ ಮನುಷ್ಯ ಇವನೊಬ್ಬನೇ. ನೋಡುತ್ತೇನೆ ಎಂದೆ. ಗುಮಾಸ್ತನ ಬಾಯಲ್ಲಿ ಆ ಮಾತಿಗೆ ಏನು ಬೆಲೆಯೆಂದು ಅಣ್ಣನಿಗೆ ಚೆನ್ನಾಗಿಯೇ ಗೊತ್ತು.

“ಮರೀಬ್ಯಾಡ,” ಎಂದ.